ಹಾಡು ಬರುತ್ತೆ, ಸಿನಿಮಾ ಬರಲ್ಲ

ಗಿರಾಕಿಯ ದೂರಿನ ಟಿಕೆಟ್‌ನಲ್ಲಿ ಬರೆದಿದ್ದು ಇಷ್ಟೇ: "ಆಪ್ಟಿಕಲ್, ನೋ ಆಡಿಯೊ". ಆಪ್ಟಿಕಲ್ ಅಂದರೆ ಸೌಂಡನ್ನು ಬೆಳಕಿನಲ್ಲಿ ಸಾಗಿಸುವ ಕೇಬಲ್. ನಮ್ಮ ಕಾಲ್ ಸೆಂಟರಿನವರಿಗೆ ಎಲ್ಲವೂ ನೋ ಆಡಿಯೊನೇ. ಹೋಗಿ ನೋಡಿದರೆ ಆಡಿಯೊ ಇತ್ತು, ಬೇಕಾದ್ದಕ್ಕಿಂತ ಜಾಸ್ತಿನೇ ಇತ್ತು.

ಮನೆ ಜಯನಗರದಲ್ಲಿ. ಗಿರಾಕಿ ಬ್ಯಾಂಕಿನಿಂದ ರಿಟೈರ್ ಆದವರು. ಅವರ 5.1 ರಿಸೀವರ್, ಅಂದರೆ ಸೌಂಡನ್ನು ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರಿಗೆ ಹಂಚುವ ಡಬ್ಬ, ಎಚ್‌ಡಿಎಂಐ ಬರುವ ಮುಂಚಿನದು. ಅದರ ಹಿಂಬದಿಯ ಕಿಂಡಿಗಳು ಆಪ್ಟಿಕಲ್, ಕೋಆಕ್ಸಿಯಲ್, ಉಳಿದದ್ದೆಲ್ಲ ಆರ್‌ಸಿಎ. ಮಗ ವಿದೇಶಕ್ಕೆ ಹೋಗುವ ಮುಂಚೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಒಂದು ಕೂರಿಸಿ, ಹಾಡು ಸಿನಿಮಾ ಎಲ್ಲ ಅದರಲ್ಲಿ ತುಂಬಿ ಹೋಗಿದ್ದಾನೆ. ಪೈನಲ್ಲಿ ಆಪ್ಟಿಕಲ್ ಔಟ್ ಇರಲ್ಲ, ಅದಕ್ಕೆ ಮೇಲೊಂದು ಡಿಜಿಟಲ್ ಹ್ಯಾಟ್ ಅನ್ನೋ ಸಣ್ಣ ಬೋರ್ಡ್ ಬೇಕು. ಆ ಹ್ಯಾಟ್ ಮತ್ತು ಕೇಬಲ್ ನಮ್ಮ ಅಂಗಡಿಯದ್ದು, ಹಾಗಾಗಿ ತಲೆನೋವೂ ನಮ್ಮದೇ. ಹೊರಡುವಾಗ ಮ್ಯಾನೇಜರ್ ಹೇಳಿದ್ದು, "ಹಳೇ ರಿಸೀವರ್ ಅಲ್ವಾ, ಹೊಸದೊಂದು ತಳ್ಳಿಬಿಡು." ಆ ರಿಸೀವರ್ ಮೇಲೆ ಕ್ರೋಶಾ ಹೊದಿಕೆ ಇತ್ತು. ಅದನ್ನು ನೋಡಿದ ಮೇಲೆ ಹೊಸದು ತಳ್ಳುವ ಮಾತು ನನ್ನ ಬಾಯಲ್ಲಿ ಬರಲಿಲ್ಲ.

ಹಾಡು ಹಾಕಿದೆ, ಬಂತು. ಸ್ವಲ್ಪ ಮೆಲ್ಲಗಿತ್ತು, ಆದರೆ ಕ್ಲೀನ್. ಮೆಲ್ಲಗಿದೆ ಅಂತ ರಿಸೀವರ್ ನಾಬ್ ತಿರುಗಿಸಿದೆ, ಮೈನಸ್ 45 ಡೆಸಿಬೆಲ್‌ನಿಂದ (ಡಿಬಿ) ಮೈನಸ್ 20ಕ್ಕೆ. ಈಗ ಸರಿ ಅನ್ನಿಸಿತು. ಅದೇ ಲೆವೆಲ್‌ನಲ್ಲಿ ಬಿಟ್ಟು ಸಿನಿಮಾ ಹಾಕಿದೆ.

ಐದೂ ಸ್ಪೀಕರ್ ಇರುವ ಆ ಹಾಲ್‌ನಲ್ಲಿ ಮುಂದಿನ ಎರಡರಿಂದಲೇ ಕಿವಿ ಹರಿದುಹೋಗುವಂಥ ಸರ್‌ರ್ ಶಬ್ದ. ಒಳಗೆ ಮಗು ಕಿಟಾರನೆ ಕಿರುಚಿತು. ನಾನು ರಿಮೋಟ್ ಹುಡುಕಿದೆ, ಅದು ಸೋಫಾ ಸಂದಿಯಲ್ಲಿ. ನಾಬ್ ಕಡೆ ಓಡಿದರೆ ಅದು ಮೋಟರ್ ಇಲ್ಲದ ಎಷ್ಟು ಸುತ್ತಿದರೂ ಸುತ್ತುವ ನಾಬ್, ಒಂದೊಂದೇ ಡಿಬಿ ಇಳಿಯುತ್ತದೆ. ಕೊನೆಗೆ ಆಪ್ಟಿಕಲ್ ಕೇಬಲ್ಲನ್ನೇ ಕಿತ್ತೆ. "ಏನಪ್ಪಾ ಇದು, ಸ್ಪೀಕರ್ ಹೋಯ್ತಾ?" ಅಂದರು ಸಾರ್. ನಾನು ಟ್ವೀಟರ್‌ಗೆ ಕಿವಿ ಕೊಟ್ಟು ಕೂತೆ. ಉಳಿದಿತ್ತು, ಪುಣ್ಯ.

ಆಗ ರಿಸೀವರ್ ಡಿಸ್‌ಪ್ಲೇಯಲ್ಲಿ, ಸಿನಿಮಾದ 5.1 ಸೌಂಡ್ ಸಿಕ್ಕಿದೆ ಅಂತ ಹೇಳುವ ಡಾಲ್ಬಿ ಲೈಟ್ ಉರಿದಿರಲಿಲ್ಲ, ಪಿಸಿಎಂ, ಅಂದರೆ ಮಾಮೂಲಿ ಡಿಜಿಟಲ್ ಸೌಂಡ್ ಅಂತಲೇ ಇತ್ತು. ಅದನ್ನು ನೋಡಿಯೂ ನನ್ನ ಮನಸ್ಸು ಕೇಬಲ್ ಕಡೆಗೇ ಹೋಯಿತು. ನಮ್ಮ ಫಾರ್ಮ್ ಹಾಗೇ ಇದೆ: ಮೊದಲು ಕೇಬಲ್ ಬದಲಿಸು, ಆಮೇಲೆ ಬೋರ್ಡ್ ಬದಲಿಸು, ಆಮೇಲೆ ಮೇಲಿನವರಿಗೆ ಎಸ್ಕಲೇಟ್. ಕೇಬಲ್ ಬದಲಿಸಿದೆ, ಅದೇ ಶಬ್ದ. ಕೇಬಲ್ ತುದಿಯಲ್ಲಿ ಕೆಂಪು ಬೆಳಕು ಚೆನ್ನಾಗಿಯೇ ಇತ್ತು, ಆದರೆ ಬೆಳಕು ಇದೆ ಅಂದರೆ ಲೈಟ್ ಉರಿಯುತ್ತಿದೆ ಅಂತ ಅಷ್ಟೇ, ಒಳಗೆ ಏನು ಹೋಗುತ್ತಿದೆ ಅಂತ ಅದು ಹೇಳಲ್ಲ. ಹ್ಯಾಟ್ ಬಿಚ್ಚಿ ಆಫೀಸಿಗೆ ತಂದು ಬೆಂಚ್‌ನಲ್ಲಿ ಸರಿ ಇದೆ ಅಂತ ಗೊತ್ತಿರುವ ನಮ್ಮ ಗೋಲ್ಡನ್ ಮೆಮೊರಿ ಕಾರ್ಡ್ ಹಾಕಿ ಓಡಿಸಿದರೆ ಡಾಲ್ಬಿ ಲೈಟ್ ಠಳ್ ಅಂತ ಹತ್ತಿತು. ಬೆಂಚ್ ಮೇಡಂ, "ಹ್ಯಾಟ್ ಓಕೆ ರೀ, ಸೈಟ್ ನೋಡಿ" ಅಂದರು. ನನಗೆ ಸೈಟ್ ನೋಡುವ ಮನಸ್ಸಿರಲಿಲ್ಲ. ಹೊಸ ಹ್ಯಾಟ್ ಇಶ್ಯೂ ಮಾಡಿಸಿಕೊಂಡು ಮತ್ತೆ ಜಯನಗರ, ಮತ್ತೆ ಸರ್‌ರ್.

ಎಸ್‌ಎಸ್‌ಎಚ್‌ನಲ್ಲಿ, ಅಂದರೆ ನೆಟ್‌ವರ್ಕ್ ಮೂಲಕ, ಪೈ ಒಳಗೆ ಹೋದೆ. ಹ್ಯಾಟ್ ಗುರುತಿಸುವ ಓವರ್‌ಲೇ ಸೆಟ್ಟಿಂಗ್ ಸರಿ ಇದೆ, ಕಾರ್ಡ್ ಕಾಣುತ್ತಿದೆ. ಕಾರ್ಡ್ ಈಗ ಏನು ಕಳಿಸುತ್ತಿದೆ ಅಂತ ಹೇಳುವ, ಪ್ರೋಕ್ ಒಳಗಿನ ಎಚ್‌ಡಬ್ಲ್ಯೂ ಪ್ಯಾರಾಮ್ಸ್ ಫೈಲ್ ತೆಗೆದರೆ 48000, 16 ಬಿಟ್, ಎರಡು ಚಾನೆಲ್. ಡಾಲ್ಬಿ ಡಿಜಿಟಲ್ ಪಾಸ್‌ಥ್ರೂ, ಅಂದರೆ ಪೈ ಬಿಚ್ಚದೆ ಹಾಗೇ, ಹೋಗುವಾಗಲೂ ಇದೇ ಅಂಕಿ, ಹಾಳಾದ ಡಾಲ್ಬಿಗೂ ಇದೇ ಅಂಕಿ. ಪೈನ ವಾಲ್ಯೂಮ್‌ಗಳನ್ನು ತೋರಿಸುವ ಆಲ್ಸಾಮಿಕ್ಸರ್ ತೆರೆದೆ. ಅಲ್ಲೊಂದು ಮಾಸ್ಟರ್ ವಾಲ್ಯೂಮ್ ಕಡ್ಡಿ, ಎಪ್ಪತ್ತರ ಆಸುಪಾಸಿನಲ್ಲಿ. ಡಿಜಿಟಲ್ ಔಟ್ ಮಾತ್ರ ಇರುವ ಹ್ಯಾಟ್‌ಗೆ ವಾಲ್ಯೂಮ್ ಎಲ್ಲಿಂದ ಬಂತು? ನಾನು ಆ ಕಡ್ಡಿ ನೋಡುತ್ತಾ ಕೂತಿದ್ದಾಗ ಕಾಫಿ ತಂದ ಆಂಟಿ, "ಮಗು ಮಲಗಿತ್ತು ಅಂತ ನಾನು ಫೋನಿನಲ್ಲೇ ಸೌಂಡ್ ಕಮ್ಮಿ ಮಾಡಿದ್ನಲ್ಲ, ಅವತ್ತಿಂದ ಹೀಗೆ" ಅಂದರು. ಮೊದಲ ವಿಸಿಟ್‌ನಲ್ಲೂ ಇದೇ ಹೇಳಿದ್ದರು. ನಾನು "ಹೌದಾ ಆಂಟಿ" ಅಂದು ಕೇಬಲ್ ಪ್ಯಾಕೆಟ್ ಹರಿಯುತ್ತಿದ್ದೆ.

ವಾಟ್ಸ್‌ಆ್ಯಪ್‌ನಲ್ಲಿ ಮಗನನ್ನು ಹಿಡಿದೆವು. ಅಪ್ಪನಿಗೆ ಫೋನಿನಿಂದ ಹಾಡಿನ ಸೌಂಡ್ ಹೆಚ್ಚು ಕಮ್ಮಿ ಮಾಡೋಕೆ ಆಗಲಿ ಅಂತ ಅವನೇ ಪೈನ ಸೌಂಡ್ ಸೆಟ್ಟಿಂಗ್ ಇರುವ ಎಸೌಂಡ್ ಕಾನ್ಫ್ ಫೈಲ್‌ನಲ್ಲಿ ಸಾಫ್ಟ್‌ವಾಲ್ ಅನ್ನೋ ಸಾಫ್ಟ್‌ವೇರ್ ವಾಲ್ಯೂಮ್ ಹಾಕಿ, ಡೀಫಾಲ್ಟ್ ಡಿವೈಸನ್ನು ಅದರ ಮೂಲಕ ತಿರುಗಿಸಿದ್ದಾನೆ. ಹಾಡಿಗೆ ಅದು ಏನೂ ಮಾಡಲ್ಲ, ಸುಮ್ನೆ ಕಮ್ಮಿ ಮಾಡುತ್ತೆ ಅಷ್ಟೇ. ಸಿನಿಮಾ ಪ್ಲೇಯರ್ ಕೂಡ ಅದೇ ಡೀಫಾಲ್ಟ್‌ಗೆ ಪಾಸ್‌ಥ್ರೂ ಕಳಿಸುತ್ತಿತ್ತು. ಪಾಸ್‌ಥ್ರೂನಲ್ಲಿ ಹೋಗುವುದು ಧ್ವನಿಯಲ್ಲ, ಪಿಸಿಎಂ ವೇಷ ಹಾಕಿದ ಡಾಲ್ಬಿ ಡೇಟಾ. ರಿಸೀವರ್ ಅದರೊಳಗೆ ಡಾಲ್ಬಿ ಇಲ್ಲಿಂದ ಶುರು ಅಂತ ಹೇಳುವ ಸಿಂಕ್ ಪದಗಳನ್ನು ಹುಡುಕಿ, ಸಿಕ್ಕರೆ ಡೀಕೋಡ್ ಮಾಡುತ್ತೆ. ಪ್ರತಿ ಸಂಖ್ಯೆಯನ್ನೂ ವಾಲ್ಯೂಮಿನಿಂದ ಗುಣಿಸಿಬಿಟ್ಟರೆ ಸಿಂಕ್ ಎಲ್ಲಿ ಉಳಿಯುತ್ತೆ? ರಿಸೀವರ್ ಪಾಪ, ಇದು ಮಾಮೂಲಿ ಪಿಸಿಎಂ ಅಂದುಕೊಂಡು ಬಂದದ್ದನ್ನೆಲ್ಲ ಹಾಗೇ ಸ್ಪೀಕರಿಗೆ ಕೊಡುತ್ತೆ. ಕಡ್ಡಿ ನೂರಕ್ಕೆ ಇದ್ದಷ್ಟು ದಿನ ಸಾಫ್ಟ್‌ವಾಲ್ ಡೇಟಾ ಮುಟ್ಟುತ್ತಿರಲಿಲ್ಲ, ಸಿನಿಮಾ ಓಡುತ್ತಿತ್ತು. ಆಂಟಿ ಫೋನಿನಲ್ಲಿ ಕಮ್ಮಿ ಮಾಡಿದಾಗ ಇಳಿದಿದ್ದು ಈ ಕಡ್ಡಿಯೇ. ಹಾಡು ಮೆಲ್ಲಗೆ ಬಂದಿದ್ದೂ ಅದಕ್ಕೇ, ನಾನು ನಾಬ್ ಏರಿಸಿದ್ದೂ ಅದಕ್ಕೇ.

ರಿಸೀವರ್ ವಾಲ್ಯೂಮ್ ಪೂರ್ತಿ ಇಳಿಸಿ, ಕಡ್ಡಿ ನೂರಕ್ಕೆ ತಂದು ಸಿನಿಮಾ ಹಾಕಿದೆ. ಡಾಲ್ಬಿ ಲೈಟ್ ಹತ್ತಿತು. ಒಂದು ಪಾಯಿಂಟ್ ಇಳಿಸಿದೆ, ಲೈಟ್ ಹೋಯಿತು, ಸಣ್ಣಗೆ ಸರ್‌ರ್. ಆಂಟಿಗೆ ತೋರಿಸಿದೆ. "ನಾನು ಹೇಳಿರಲಿಲ್ವಾ" ಅಂತ ಸಾರ್ ಮುಖ ನೋಡಿದರು, ನನ್ನ ಮುಖ ನೋಡಲಿಲ್ಲ.

ಸಿನಿಮಾ ಪ್ಲೇಯರನ್ನು ನೇರ ಹಾರ್ಡ್‌ವೇರ್ ಡಿವೈಸ್‌ಗೆ ತಿರುಗಿಸಿದೆ. ಸಾಫ್ಟ್‌ವಾಲ್ ಹಾಡಿಗೆ ಮಾತ್ರ. ಈಗ ನಾನು ಇಂಥ ಸೈಟ್‌ಗೆ ಹೋದರೆ ಮೊದಲು ರಿಸೀವರ್ ನಾಬ್ ಇಳಿಸುತ್ತೇನೆ, ಡಿಸ್‌ಪ್ಲೇಯಲ್ಲಿ ಏನು ಬರೆದಿದೆ ನೋಡುತ್ತೇನೆ, ಕೇಬಲ್ ಪ್ಯಾಕೆಟ್ ಬ್ಯಾಗಿನಲ್ಲೇ ಇರುತ್ತೆ. ಹಾಡು ಬಂದು ಸಿನಿಮಾ ಬರಲಿಲ್ಲ ಅಂದರೆ ದಾರಿ ಸರಿ ಇದೆ, ದಾರಿಯಲ್ಲಿ ಯಾರೋ ಡೇಟಾ ಮುಟ್ಟುತ್ತಿದ್ದಾರೆ ಅಥವಾ ರಿಸೀವರಿಗೆ ಆ ಫಾರ್ಮ್ಯಾಟ್ ಗೊತ್ತಿಲ್ಲ. ಹ್ಯಾಟ್ ಬಿಚ್ಚುವ ಕೆಲಸವೇ ಇಲ್ಲ.

ಟಿಕೆಟ್ ಮುಚ್ಚಲು ಹೋದರೆ ಕಾರಣದ ಜಾಗದಲ್ಲಿ ಕೇಬಲ್, ಬೋರ್ಡ್, ಪವರ್, ಕಸ್ಟಮರ್ ಎಜುಕೇಶನ್ ಅಂತ ನಾಲ್ಕೇ ಆಯ್ಕೆ. ಸೆಟ್ಟಿಂಗ್ ಅಂತ ಸೇರಿಸಿ ಅಂತ ಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ. ಕಸ್ಟಮರ್ ಎಜುಕೇಶನ್ ಒತ್ತೋಕೆ ಆಂಟಿ ನೆನಪಾಗಿ ಮನಸ್ಸಾಗಲಿಲ್ಲ, ಬೋರ್ಡ್ ಅಂತ ಹಾಕಿದೆ. ಈಗ ಸ್ಟೋರಿನವರು ಹಳೇ ಹ್ಯಾಟ್ ಎಲ್ಲಿ, ಆರ್‌ಎಂಎಗೆ, ಅಂದರೆ ಕಂಪನಿಗೆ ವಾಪಸ್, ಕಳಿಸಬೇಕು ಅಂತ ದಿನಾ ಕೇಳುತ್ತಿದ್ದಾರೆ.