ಬರೀ ಆಟವಾಡಿಸಿದರೆ ಮಗು ಸರಿಹೋಗುತ್ತದೆಯೇ?

‘ಒಳಗೆ ಮಗುವಿನ ಜೊತೆ ಆಟವಾಡುತ್ತೀರಿ, ಅಷ್ಟೇ ತಾನೇ? ಇದರಲ್ಲಿ ಚಿಕಿತ್ಸೆ ಎಲ್ಲಿದೆ, ಗುರಿ ಎಲ್ಲಿದೆ?’ ಮಕ್ಕಳ ಆಪ್ತಸಮಾಲೋಚಕಿಯಾದ ನನ್ನನ್ನು ತಂದೆತಾಯಂದಿರು ಬಹುಶಃ ಅತಿ ಹೆಚ್ಚು ಕೇಳಿರುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಎಷ್ಟೋ ರಾತ್ರಿ ನಿದ್ದೆಗೆಟ್ಟು, ಕೊನೆಗೆ ಧೈರ್ಯ ಮಾಡಿ ಬಂದವರಿಗೆ ಇದಕ್ಕೆ ನೇರವಾದ ಉತ್ತರ ಸಿಗಲೇಬೇಕು.

ಗುರಿ ಖಂಡಿತ ಇದೆ. ಆದರೆ ಅದನ್ನು ಹೊರಬೇಕಾದವರು ದೊಡ್ಡವರು, ಮಗುವಲ್ಲ. ಆದ್ದರಿಂದಲೇ ಮೊದಲ ಭೇಟಿಯಲ್ಲಿ ನಾನು ಹೆಚ್ಚು ಹೊತ್ತು ಕುಳಿತುಕೊಳ್ಳುವುದು ಅಪ್ಪ ಅಮ್ಮನ ಜೊತೆ. ಬಹುತೇಕರ ಬೇಡಿಕೆಗಳೆಲ್ಲ ‘ಬಾರದು’ ಎಂದೇ ಮುಗಿಯುತ್ತವೆ: ಹಠ ಮಾಡಬಾರದು, ತಂಗಿಗೆ ಹೊಡೆಯಬಾರದು, ಎದುರು ಮಾತನಾಡಬಾರದು. ಇಂಥ ಗುರಿಯನ್ನು ಹಿಡಿದು ಕೆಲಸ ಮಾಡಲಾಗದು. ಹೊಡೆಯದಿದ್ದರೆ ಆ ಹೊತ್ತಿನಲ್ಲಿ ಮಗು ಏನು ಮಾಡಬೇಕು ಎಂಬುದು ಅದರಲ್ಲಿ ಇಲ್ಲವಲ್ಲ.

ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ದಂಪತಿ ಅಮೆರಿಕದ ಮಿಲ್ವಾಕಿಯಲ್ಲಿ ರೂಪಿಸಿದ ಪರಿಹಾರ ಕೇಂದ್ರಿತ ಚಿಕಿತ್ಸೆಯಲ್ಲಿ ಇದಕ್ಕೊಂದು ಪ್ರಶ್ನೆಯಿದೆ. ‘ರಾತ್ರಿ ನೀವು ಮಲಗಿದ್ದಾಗ ಪವಾಡ ನಡೆದು ಸಮಸ್ಯೆ ಬಗೆಹರಿಯಿತು ಎಂದುಕೊಳ್ಳಿ. ನಿಮಗೆ ಅದು ಗೊತ್ತಿಲ್ಲ. ಬೆಳಗ್ಗೆ ಎದ್ದಾಗ ಏನನ್ನು ಕಂಡು ನಿಮಗೆ ತಿಳಿಯುತ್ತದೆ?’ ಉತ್ತರ ನಿಧಾನವಾಗಿ ಬರುತ್ತದೆ. ‘ಕರೆದರೆ ಒಮ್ಮೆಗೇ ಎದ್ದು ಬರುತ್ತಾನೆ.’ ಆಗ ನೀವೇನು ಮಾಡುತ್ತೀರಿ? ‘ನಾನು ಕೂಗುವುದಿಲ್ಲ.’ ಕೂಗುವ ಬದಲು? ಸ್ವಲ್ಪ ಯೋಚಿಸಿ, ‘ಪಕ್ಕದಲ್ಲಿ ಎರಡು ನಿಮಿಷ ಕೂರುತ್ತೇನೆ.’ ಇದು ಗುರಿ. ಕಣ್ಣಿಗೆ ಕಾಣುತ್ತದೆ, ಅಳೆಯಬಹುದು, ದೊಡ್ಡವರ ಪಾಲೂ ಅದರಲ್ಲಿ ಸೇರಿದೆ. ಆ ಪವಾಡದ ಬೆಳಗು 10, ಪರಿಸ್ಥಿತಿ ತೀರಾ ಕೆಟ್ಟಿದ್ದರೆ 0 ಎಂದಿಟ್ಟುಕೊಂಡು, ಈ ಅಳತೆಯಲ್ಲಿ ಈಗ ಎಲ್ಲಿದ್ದೀರಿ ಎಂದು ಕೇಳುತ್ತೇನೆ. 3 ಎಂದರೆ, 0 ಏಕಲ್ಲ ಎಂಬುದೇ ನನ್ನ ಮುಂದಿನ ಪ್ರಶ್ನೆ. ಮನೆಯಲ್ಲಿ ಈಗಾಗಲೇ ಸರಿಯಾಗಿ ನಡೆಯುತ್ತಿರುವುದೇನು ಎಂಬುದು ಅಲ್ಲಿ ಹೊರಬೀಳುತ್ತದೆ.

ಇನ್ನು ಆಟದ ಕೋಣೆ. ಅಲ್ಲಿ ನಾನು ಮಗುವನ್ನು ಗುರಿಯತ್ತ ಎಳೆಯುವುದಿಲ್ಲ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಚಿಂತನೆಯ ಜಾಡಿನಲ್ಲಿ ಮನಶ್ಶಾಸ್ತ್ರಜ್ಞೆ ವರ್ಜಿನಿಯಾ ಆಕ್ಸ್‌ಲೈನ್ 1947ರಲ್ಲಿ ಆಟದ ಚಿಕಿತ್ಸೆಗೆ ಎಂಟು ತತ್ವಗಳನ್ನು ಮುಂದಿಟ್ಟರು. ಮಗು ಮುಂದೆ ನಡೆಯಲಿ, ಚಿಕಿತ್ಸಕರು ಹಿಂಬಾಲಿಸಲಿ ಎನ್ನುವುದು ಅವುಗಳಲ್ಲಿ ಒಂದು. ಆರು ವರ್ಷದ ಮಗುವನ್ನು ಕೂರಿಸಿಕೊಂಡು ‘ನಿನಗೇಕೆ ಸಿಟ್ಟು?’ ಎಂದರೆ ಅದು ‘ಗೊತ್ತಿಲ್ಲ’ ಎನ್ನುತ್ತದೆ. ಸುಳ್ಳಲ್ಲ, ನಿಜಕ್ಕೂ ಗೊತ್ತಿರುವುದಿಲ್ಲ. ಅದೇ ಮಗು ಮರಳಿನ ತಟ್ಟೆಯಲ್ಲಿ ಪುಟ್ಟ ಗೊಂಬೆಯನ್ನು ಹೂತು, ಮೇಲೆ ಕೈಯಿಂದ ತಟ್ಟಿ, ‘ಇವಳು ಯಾರಿಗೂ ಸಿಗಲ್ಲ’ ಎನ್ನಬಹುದು. ನಾನು ‘ಯಾರಿಗೂ ಸಿಗದ ಹಾಗೆ ಮುಚ್ಚಿಬಿಟ್ಟೆ’ ಎಂದಷ್ಟೇ ಹೇಳುತ್ತೇನೆ. ಆ ಗೊಂಬೆ ಎಂದರೆ ತಂಗಿಯೋ, ಆ ಮಗುವೇನೋ ಎಂದು ಕೆದಕುವುದಿಲ್ಲ. ಒಂದು ಆಟ ನೋಡಿ ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ. ವಾರಗಟ್ಟಲೆ ಮರುಕಳಿಸುವ ಆಟಕ್ಕೆ ಮಾತ್ರ ಅರ್ಥ ಹುಡುಕಬೇಕು. ಒಂದು ದಿನ ಗೊಂಬೆಯನ್ನು ಹುಡುಕಲು ಅದೇ ಮಗು ಮತ್ತೊಂದು ಗೊಂಬೆಯನ್ನು ಕಳಿಸಿದರೆ, ಏನೋ ಕದಲಿದೆ ಎಂದು ತಿಳಿಯಬಹುದು.

ಹಾಗೆಂದು ಅಲ್ಲಿ ಏನು ಮಾಡಿದರೂ ನಡೆಯುತ್ತದೆ ಎಂದಲ್ಲ. ಮಗು ಬಣ್ಣದ ಕುಂಚವನ್ನು ಗೋಡೆಯತ್ತ ಎತ್ತಿದರೆ ಆಟದ ಚಿಕಿತ್ಸಕ ಗ್ಯಾರಿ ಲ್ಯಾಂಡ್ರೆತ್ ಹೇಳಿಕೊಟ್ಟ ಮೂರು ಹಂತಗಳು ನೆರವಿಗೆ ಬರುತ್ತವೆ: ‘ಗೋಡೆಗೆ ಬಳಿಯಬೇಕು ಎಂದು ನಿನಗೆ ತುಂಬಾ ಆಸೆ. ಗೋಡೆ ಇರುವುದು ಬಣ್ಣ ಬಳಿಯುವುದಕ್ಕಲ್ಲ. ಈ ಹಾಳೆಗೆ ಬಳಿಯಬಹುದು.’ ಮೊದಲು ಭಾವನೆ, ಆಮೇಲೆ ಮಿತಿ, ಕೊನೆಗೆ ಬೇರೆ ದಾರಿ. ಮನೆಯಲ್ಲಿ ನಾವು ಸಾಮಾನ್ಯವಾಗಿ ಮಿತಿಯಿಂದಲೇ ಶುರುಮಾಡಿ ಅಲ್ಲಿಗೇ ನಿಲ್ಲಿಸುತ್ತೇವೆ. ಈ ಕ್ರಮವನ್ನು ಮನೆಯಲ್ಲೂ ಪ್ರಯತ್ನಿಸಿ ಎಂದು ಎಲ್ಲ ಪೋಷಕರಿಗೂ ಹೇಳುತ್ತೇನೆ.

ಮಗುವಿಗೂ ತನ್ನದೇ ಗುರಿ ಇರುತ್ತದೆ ಎಂಬುದನ್ನು ಮರೆಯಬಾರದು. ಮನೋವೈದ್ಯ ಆಲ್ಫ್ರೆಡ್ ಆಡ್ಲರ್ ಪರಂಪರೆಯ ರುಡಾಲ್ಫ್ ಡ್ರೈಕರ್ಸ್ ಮಕ್ಕಳ ತಂಟೆಯ ಹಿಂದೆ ನಾಲ್ಕು ಗುರಿಗಳನ್ನು ಕಂಡರು: ಗಮನ ಸೆಳೆಯುವುದು, ಅಧಿಕಾರ ಸಾಧಿಸುವುದು, ಸೇಡು ತೀರಿಸಿಕೊಳ್ಳುವುದು, ‘ನನ್ನಿಂದಾಗದು’ ಎಂದು ಕೈಚೆಲ್ಲುವುದು. ಯಾವುದೆಂದು ತಿಳಿಯಲು ನಿಮ್ಮ ಮನಸ್ಸನ್ನೇ ನೋಡಿಕೊಳ್ಳಿ ಎಂಬುದು ಅವರ ಸಲಹೆ. ಮಗುವಿನ ವರ್ತನೆಯಿಂದ ನಿಮಗೆ ಕಿರಿಕಿರಿಯಾದರೆ ಅದು ಗಮನಕ್ಕಾಗಿ, ಸವಾಲು ಹಾಕಿದಂತೆನಿಸಿದರೆ ಅಧಿಕಾರಕ್ಕಾಗಿ, ಮನಸ್ಸಿಗೆ ನೋವಾದರೆ ಸೇಡಿಗಾಗಿ, ನಿಮಗೂ ಹತಾಶೆಯಾದರೆ ನಾಲ್ಕನೆಯದು. ಎಲ್ಲ ಮಕ್ಕಳೂ ಈ ಚೌಕಟ್ಟಿಗೆ ಹೊಂದುವುದಿಲ್ಲ, ಆದರೂ ಸಿಟ್ಟಿನ ನಡುವೆ ಒಂದು ಕ್ಷಣ ನಿಂತು ಯೋಚಿಸಲು ಇದು ಸಾಕು.

ಹಾಸಿಗೆ ಒದ್ದೆ ಮಾಡುವುದು, ಮಾತು ತಡವಾಗುವುದು, ಇದ್ದಕ್ಕಿದ್ದಂತೆ ಊಟ ನಿದ್ದೆ ಕೆಡುವುದು ಇಂಥವಿದ್ದರೆ ಮೊದಲು ಮಕ್ಕಳ ವೈದ್ಯರನ್ನು ಕಾಣಬೇಕು. ಮಗುವಿಗೆ ಯಾರಿಂದಲಾದರೂ ಅಪಾಯವಿದೆ ಎನಿಸಿದರೆ ಅದರ ಸುರಕ್ಷತೆಯೇ ಮೊದಲು, ಉಳಿದದ್ದೆಲ್ಲ ಆಮೇಲೆ.

ವಾರಕ್ಕೊಮ್ಮೆ ಮುಕ್ಕಾಲು ಗಂಟೆ ನನ್ನೊಡನೆ ಕಳೆದರೆ ಮಗು ಬದಲಾಗಿಬಿಡುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ 1960ರ ದಶಕದಲ್ಲೇ ತಂದೆತಾಯಂದಿರಿಗೆ ಈ ಆಟದ ವಿಧಾನವನ್ನು ಕಲಿಸತೊಡಗಿದ್ದರು. ನಾನೂ ಕಲಿಸುತ್ತೇನೆ: ವಾರಕ್ಕೆ ಅರ್ಧ ಗಂಟೆ, ಮೊಬೈಲ್ ಬೇರೆ ಕೋಣೆಯಲ್ಲಿ, ಪಾಠವಿಲ್ಲ, ತಿದ್ದುವುದಿಲ್ಲ, ಏನು ಆಡಬೇಕೆಂಬುದು ಮಗುವಿನ ಆಯ್ಕೆ. ಮಗು ತಪ್ಪು ಮಾಡಿದರೂ ಈ ಅರ್ಧ ಗಂಟೆಯನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಬಾರದು. ಮತ್ತೆ ಭೇಟಿಯಾದಾಗ ಅದೇ ಅಳತೆಯನ್ನು ಮುಂದಿಟ್ಟು ಕೇಳುತ್ತೇನೆ. 3 ಇದ್ದದ್ದು 4 ಆಗಿದ್ದರೆ ಏನು ಬದಲಾಯಿತೆಂದು ಹುಡುಕುತ್ತೇವೆ. ಹಲವು ವಾರ ಕಳೆದರೂ ಕದಲದಿದ್ದರೆ ಗುರಿಯನ್ನೋ ವಿಧಾನವನ್ನೋ ಬದಲಿಸುತ್ತೇವೆ. 7ಕ್ಕೆ ಬಂದು ‘ಇಷ್ಟಿದ್ದರೆ ನಾವೇ ನಿಭಾಯಿಸುತ್ತೇವೆ’ ಎಂದು ಮನೆಯವರು ಹೇಳಿದರೆ ಭೇಟಿಗಳನ್ನು ಮುಗಿಸುವ ಯೋಚನೆ ಮಾಡಬಹುದು. ಆದರೆ ಮಗುವಿಗೆ ಅದನ್ನು ಕೆಲವು ಭೇಟಿಗಳ ಮೊದಲೇ ತಿಳಿಸಿರಬೇಕು.