ಮಂಜೇಶ್ವರದಲ್ಲಿ ಹೇಗಿರ್ತೀರಿ?

ಬೆಂಗಳೂರಲ್ಲಿ ಯಾರಾದರೂ ಪರಿಚಯವಾಗಿ, ನನ್ನ ಊರು ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಮಂಜೇಶ್ವರ ಎಂದು ಗೊತ್ತಾದರೆ ಈ ಪ್ರಶ್ನೆ ಬಂದೇ ಬರುತ್ತದೆ: "ಅದು ಮಿನಿ ಪಾಕಿಸ್ತಾನ ಅಂತಾರಲ್ಲ, ಹೇಗಿರ್ತೀರಿ ಅಲ್ಲಿ?" ಕೇಳುವವರು ಕೆಟ್ಟವರಲ್ಲ. ಕಾಸರಗೋಡನ್ನು ಅವರು ಮೊಬೈಲಿನಲ್ಲಿ ಮಾತ್ರ ನೋಡಿರುತ್ತಾರೆ. 2011ರ ಜನಗಣತಿ ಪ್ರಕಾರ ಜಿಲ್ಲೆಯಲ್ಲಿ ಹಿಂದೂಗಳು ಸುಮಾರು 56%, ಮುಸ್ಲಿಮರು 37% ಎಂದರೆ ನಂಬುವುದಿಲ್ಲ.

ಸಾಕ್ಷಿಗೆ ತೋರಿಸುವುದು ಒಂದು ವಿಡಿಯೊ. ಚುನಾವಣೆ ಮೆರವಣಿಗೆ, ಹಸಿರು ಬಾವುಟ, ಕೆಳಗೆ "ಕೇರಳದಲ್ಲಿ ಪಾಕ್ ಧ್ವಜ". ಇಂಥದ್ದನ್ನು ಒಮ್ಮೆ ನಮ್ಮ ಮಾವನೇ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಪಾಕಿಸ್ತಾನದ ಬಾವುಟದಲ್ಲಿ ಕೋಲಿನ ಬದಿಗೆ ಬಿಳಿ ಪಟ್ಟಿ ಇದೆ. ಕೇರಳದ ರಾಜಕೀಯ ಪಕ್ಷ ಮುಸ್ಲಿಂ ಲೀಗಿನದ್ದು ಪೂರ್ತಿ ಹಸಿರು, ಮೂಲೆಯಲ್ಲಿ ಚಂದ್ರ ನಕ್ಷತ್ರ. ಚುನಾವಣೆ ಬಂದಾಗ ಮಾವನ ಮನೆ ಎದುರಿನ ಕರೆಂಟ್ ಕಂಬದಲ್ಲೂ ಅದು ನೇತಾಡುತ್ತದೆ.

"ಮಾವ, ಇದು ಲೀಗಿನದ್ದು ಅಲ್ವಾ?"

"ಗೊತ್ತುಂಟು ಮಾರಾಯ. ಬಂತು, ಸುಮ್ನೆ ಫಾರ್ವರ್ಡ್ ಮಾಡಿದೆ."

ಗೊತ್ತಿಲ್ಲದವರಿಗೆ ಹೇಳಬಹುದು. ಗೊತ್ತಿದ್ದೂ "ಸುಮ್ನೆ" ಕಳಿಸುವವರಿಗೆ ಏನು ಹೇಳುವುದು? ದ್ವೇಷದ ಪೇಜುಗಳು ನಡೆಯುವುದೇ ಇಂಥವರ ಬೆರಳಿನಿಂದ. ಅದೇ ಲೀಗಿನಿಂದ 2021ರಲ್ಲಿ ಗೆದ್ದ ನಮ್ಮ ಶಾಸಕ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. ಆ ವಿಡಿಯೊ ನನಗೆ ಯಾರೂ ಕಳಿಸಲಿಲ್ಲ. ಗಡಿನಾಡ ಕನ್ನಡಕ್ಕಾಗಿ ಕಣ್ಣೀರು ಹಾಕುವವರು ನನ್ನ ಪರಿಚಯದಲ್ಲೇ ಎಷ್ಟು ಜನ!

ಏನೂ ನಡೆದೇ ಇಲ್ಲ ಎನ್ನುತ್ತಿಲ್ಲ. 2016ರಲ್ಲಿ ಕೇರಳದಿಂದ ಸುಮಾರು 20 ಜನ ಐಸಿಸ್ ಸೇರಲು ಹೋದರು. ಅವರಲ್ಲಿ ಜಾಸ್ತಿ ಜನ ನಮ್ಮ ಜಿಲ್ಲೆಯ ತೆಂಕು ಭಾಗದವರು, ಪಡನ್ನ, ತೃಕ್ಕರಿಪುರ ಕಡೆಯವರು. ಕಾಣೆಯಾಗಿದ್ದಾರೆ ಎಂದು ದೂರು ಕೊಟ್ಟದ್ದು ಅವರ ಮನೆಯವರೇ. ಜಿಲ್ಲೆಯಲ್ಲಿ ಇರುವುದು 13 ಲಕ್ಷ ಜನ. ಮುಂದೆ 'ದಿ ಕೇರಳ ಸ್ಟೋರಿ' ಸಿನಿಮಾದ ಟೀಸರ್ ಬಂತು, ಕೇರಳದ 32,000 ಹುಡುಗಿಯರು ಮತಾಂತರವಾಗಿ ಐಸಿಸ್ ಪಾಲಾದರು ಎಂದಿತು. 2023ರಲ್ಲಿ ಯೂಟ್ಯೂಬ್ ವಿವರಣೆಯಲ್ಲಿ ಅದು 3 ಆಯಿತು. 32,000ಕ್ಕೆ ಅಧಿಕೃತ ಆಧಾರವಿಲ್ಲ ಎಂದು ಸಿನಿಮಾದಲ್ಲಿ ಹಾಕಲು ನಿರ್ಮಾಪಕರು ಸುಪ್ರೀಂ ಕೋರ್ಟಿನಲ್ಲಿ ಒಪ್ಪಿಕೊಂಡರು. ನನ್ನ ಬಳಿ ಪ್ರಶ್ನೆ ಕೇಳುವವರ ತಲೆಯಲ್ಲಿ ಉಳಿದಿರುವುದು 32,000 ಮಾತ್ರ.

ಸರಿ, ಹೇಗಿರ್ತೀವಿ? ವಿಷು ಹೊತ್ತಿಗೆ ಒಂದು ಶುಕ್ರವಾರ ಉದ್ಯಾವರ ಅರಸು ಮಂಜಿಷ್ಣಾರ್ ಕ್ಷೇತ್ರದ ದೈವಪಾತ್ರಿಗಳು (ದೈವ ಮೈಮೇಲೆ ಬರುವವರು) ಸಾವಿರ ಜಮಾಅತ್ ಮಸೀದಿಗೆ ಹೋಗಿ, ಜಾತ್ರೆಗೆ ಬನ್ನಿ ಎಂದು ಕರೆಯುತ್ತಾರೆ. ಮಸೀದಿಯವರು ಎದುರುಗೊಳ್ಳುತ್ತಾರೆ. ಎಷ್ಟೋ ಕಾಲದ ಕ್ರಮ. ಬಿಸಿಲಲ್ಲಿ ನಿಂತು ನೋಡುವವರ ನಡುವೆ ನಮ್ಮ ಮಾವನೂ ಇರುತ್ತಾರೆ, ಬಿಳಿ ಪಂಚೆ, ಹೆಗಲಲ್ಲಿ ಬೈರಾಸು. ಒಂದು ಫೋಟೊ ತೆಗೆದು ಗುಂಪಿಗೆ ಹಾಕಿ ಮಾವ ಎಂದೆ.

"ಇದರಲ್ಲಿ ಹೊಸತು ಎಂತ ಉಂಟು? ಪ್ರತಿ ವರ್ಷ ಇರುವುದಲ್ವಾ" ಎಂದರು.