ರೋಮಿನ ಬಿಸಿಲಲ್ಲಿ ನೀರಿನ ಜಾಡು ಹಿಡಿದು ಒಂದು ದಿನ

ನಾನು ಚಿತ್ರದುರ್ಗದವಳು. ಬಿಸಿಲು ನನಗೆ ಹೊಸದಲ್ಲ. ಆದರೂ 2023ರ ಜುಲೈ 18ನೇ ತಾರೀಖು, ಮಂಗಳವಾರ, ರೋಮ್‌ನಲ್ಲಿ ಕಂಡ ಬಿಸಿಲು ಮರೆಯುವಂಥದ್ದಲ್ಲ. ಆ ದಿನ ಅಲ್ಲಿ 41 ಡಿಗ್ರಿ ದಾಟಿತ್ತು. ನಮ್ಮೂರಲ್ಲಿ ಅಂಥ ಬಿಸಿಲಿದ್ದರೆ ಮಧ್ಯಾಹ್ನ ಯಾರೂ ಹೊರಗೆ ಕಾಲಿಡುವುದಿಲ್ಲ. ಅಲ್ಲಿ ಮಾತ್ರ ಇಡೀ ಪ್ರಪಂಚವೇ ಬೀದಿಗೆ ಬಂದು ನಿಂತ ಹಾಗಿತ್ತು.

ಮಗಳು ಆಗ ಮ್ಯೂನಿಕ್‌ನಲ್ಲಿ ಓದುತ್ತಿದ್ದಳು. ಅವಳನ್ನು ನೋಡಲು ಹೋದವರು ನಾಲ್ಕು ದಿನದ ಮಟ್ಟಿಗೆ ನಾವಿಬ್ಬರೇ ರೋಮ್‌ಗೆ ಬಂದಿದ್ದೆವು. ನಮ್ಮವರು ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಹೊರಡುವ ಮೊದಲೇ ನೋಟ್‌ಬುಕ್ಕಿನಲ್ಲಿ ಆ ದಿನಕ್ಕೆ ಹನ್ನೊಂದು ಜಾಗ ಬರೆದಿಟ್ಟುಕೊಂಡಿದ್ದರು. ಹಿಂದಿನ ರಾತ್ರಿ ಹವಾಮಾನದ ಸುದ್ದಿ ನೋಡಿ ನಾನು ಹೇಳಿದೆ, "ರೀ, ಹನ್ನೊಂದು ಬೇಡ, ನಾಲ್ಕು ಸಾಕು. ಬೆಳಿಗ್ಗೆ ಬೇಗ ಎದ್ದು ಹೋಗೋಣ, ಮಧ್ಯಾಹ್ನ ರೂಮಿಗೆ ಬಂದು ಮಲಗೋಣ, ಸಂಜೆ ಮತ್ತೆ ಹೊರಡೋಣ." ಅವರು ಸ್ವಲ್ಪ ಹೊತ್ತು ನೋಟ್‌ಬುಕ್ ನೋಡುತ್ತಾ ಕೂತರು. ಆಮೇಲೆ ಏಳು ಹೆಸರಿಗೆ ಗೀಟು ಹಾಕಿದರು. ಉಳಿದ ನಾಲ್ಕು: ಟ್ರೆವಿ ಕಾರಂಜಿ, ಕೊಲೋಸಿಯಮ್ ಅನ್ನುವ ಹಳೆಯ ಕ್ರೀಡಾಕಣ, ಪ್ಯಾಂಥಿಯನ್ ಅನ್ನುವ ಪುರಾತನ ದೇಗುಲ, ನವೋನಾ ಚೌಕ.

ಟರ್ಮಿನಿ ಸ್ಟೇಷನ್ ಹತ್ತಿರ ಉಳಿದುಕೊಂಡಿದ್ದೆವು. ಐದೂವರೆಗೆ ಎದ್ದು, ಆರು ಗಂಟೆಗೆಲ್ಲ ನಡೆಯುತ್ತಾ ಹೊರಟೆವು. ಟ್ರೆವಿ ತಲುಪಿದಾಗ ಆರೂವರೆ ಆಗಿರಬಹುದು. ಅಷ್ಟು ಹೊತ್ತಿಗೂ ಒಂದು ಮದುವೆ ಜೋಡಿ ಫೋಟೊ ತೆಗೆಸಿಕೊಳ್ಳುತ್ತಿತ್ತು, ಇನ್ನೊಂದು ಇಪ್ಪತ್ತು ಜನ ಅಲ್ಲಲ್ಲಿ ಕೂತಿದ್ದರು. ನೀರಿನ ಸದ್ದು ಎರಡು ಬೀದಿ ಆಚೆಯಿಂದಲೇ ಕೇಳಿಸುತ್ತಿತ್ತು. ಸಣ್ಣ ಓಣಿ ಮುಗಿದು ತಿರುಗಿದರೆ ಒಂದು ಅರಮನೆಯ ಗೋಡೆಗೆ ಗೋಡೆಯೇ ಕಲ್ಲಿನ ಕುದುರೆ, ಬಂಡೆ, ದೇವತೆಗಳಾಗಿ ನೀರು ಸುರಿಸುತ್ತಾ ನಿಂತಿದೆ.

ಎಲ್ಲರೂ ನೋಡುವುದು ನಡುವೆ ನಿಂತಿರುವ ಸಮುದ್ರ ದೇವತೆಯನ್ನು. ನೀವು ಹೋದರೆ ಬಲಗಡೆ ಮೇಲೆ ಇರುವ ಉಬ್ಬು ಚಿತ್ರವನ್ನೂ ನೋಡಿ. ಒಬ್ಬ ಹುಡುಗಿ ಸೈನಿಕರಿಗೆ ನೆಲದ ಕಡೆ ಕೈ ತೋರಿಸುತ್ತಿದ್ದಾಳೆ. ಬಾಯಾರಿದ ರೋಮನ್ ಸೈನಿಕರಿಗೆ ನೀರಿನ ಸೆಲೆ ತೋರಿಸಿದವಳು ಅವಳೇ ಅಂತ ಕತೆ. ಆ ಸೆಲೆಯಿಂದ ಊರಿಗೆ ತಂದ ಕಾಲುವೆಯ ಹೆಸರು ಅಕ್ವಾ ವಿರ್ಗೊ, ಅಂದರೆ ಕನ್ಯೆಯ ನೀರು. ಚಕ್ರವರ್ತಿ ಅಗಸ್ಟಸ್‌ನ ಸೇನಾಪತಿ ಅಗ್ರಿಪ್ಪ ಅದನ್ನು ಕಟ್ಟಿಸಿ ಮುಗಿಸಿದ್ದು ಕ್ರಿಸ್ತಪೂರ್ವ 19ರಲ್ಲಿ. ಕಾರಂಜಿ ಮುಗಿದದ್ದು 1762ರಲ್ಲಿ, ನೀರು ಮಾತ್ರ ಅದಕ್ಕಿಂತ ಅಷ್ಟು ಹಳೆಯದು. ಆ ಹುಡುಗಿಗೆ ಹೆಸರೇ ಇಲ್ಲ. ಕತೆ ನಿಜವೋ ಸುಳ್ಳೋ, ನೀರು ತೋರಿಸಿದವಳನ್ನು ನೀರಿನ ಮೇಲೆಯೇ ಕೆತ್ತಿ ನಿಲ್ಲಿಸಿದ್ದಾರಲ್ಲ, ಅದು ನನಗೆ ಬಹಳ ಹಿಡಿಸಿತು. ಬಿಂದಿಗೆ ಹೊತ್ತುಕೊಂಡು ಹೊಂಡಕ್ಕೆ ಹೋಗುತ್ತಿದ್ದ ನನ್ನ ಅಜ್ಜಿ ನೆನಪಾದರು.

ನಮ್ಮವರ ಕಣ್ಣು ಇನ್ನೊಂದು ಕಡೆ. "ಇಪ್ಪತ್ತು ಕಿಲೋಮೀಟರ್ ಕಾಲುವೆ ಕಣೇ. ಹೆಚ್ಚುಕಮ್ಮಿ ಪೂರಾ ನೆಲದೊಳಗೇ. ಇಷ್ಟು ದೂರಕ್ಕೆ ಇಳಿಜಾರು ಬರೀ ನಾಲ್ಕು ಮೀಟರ್! ಪಂಪಿಲ್ಲ, ಏನಿಲ್ಲ. ನಾವು ಲೆವೆಲ್ ಮೆಷಿನ್ ಇಟ್ಟುಕೊಂಡೂ ಒದ್ದಾಡುತ್ತಿದ್ದೆವು." ಹೇಳುವಾಗ ಅವರ ದನಿಯೇ ಬೇರೆ ಆಗಿತ್ತು. ಮೂವತ್ತು ವರ್ಷ ನಾಲೆಗಳ ಮೇಲೆ ಓಡಾಡಿದವರಿಗೆ ಆ ನಾಲ್ಕು ಮೀಟರಿನ ಬೆಲೆ ಗೊತ್ತು. ಕ್ರಿಸ್ತಶಕ 537ರಲ್ಲಿ ಗೋಥರು ಊರಿಗೆ ಮುತ್ತಿಗೆ ಹಾಕಿ ಕಾಲುವೆಗಳನ್ನು ಕಡಿದರಂತೆ. ಇದು ನೆಲದಡಿ ಇದ್ದದ್ದರಿಂದ ಉಳಿದವಕ್ಕಿಂತ ಚೆನ್ನಾಗಿ ಬಾಳಿಕೊಂಡಿತು. ಆಮೇಲೆ ಮತ್ತೆ ಮತ್ತೆ ರಿಪೇರಿ ಮಾಡಿ ಇವತ್ತಿಗೂ ಹರಿಸುತ್ತಿದ್ದಾರೆ.

ಬಲಗೈಯಿಂದ ಎಡಭುಜದ ಮೇಲಿಂದ ಕಾರಂಜಿಗೆ ನಾಣ್ಯ ಎಸೆದರೆ ಮತ್ತೆ ರೋಮ್‌ಗೆ ಬರುತ್ತೇವೆ ಅನ್ನುವುದು ನಂಬಿಕೆ. ನಾವೂ ಎಸೆದೆವು. ಅಲ್ಲಿ ಬಿದ್ದ ದುಡ್ಡು ಕಾರಿತಾಸ್ ಅನ್ನುವ ಕ್ಯಾಥೊಲಿಕ್ ಸೇವಾ ಸಂಸ್ಥೆಯ ಮೂಲಕ ಬಡವರಿಗೆ ಹೋಗುತ್ತದೆ, ಹಾಗಾಗಿ ಎಸೆಯಲು ಮನಸ್ಸೂ ಬಂತು. ಪಕ್ಕದಲ್ಲಿ ಒಂದು ಚಿಕ್ಕ ನಲ್ಲಿಯೂ ಇದೆ, ಪ್ರೇಮಿಗಳ ನಲ್ಲಿ ಅಂತಲೇ ಹೆಸರು. ಎರಡು ಸಣ್ಣ ಧಾರೆ ಒಂದನ್ನೊಂದು ಅಡ್ಡ ಹಾಯುತ್ತವೆ. ಜೊತೆಯಾಗಿ ಕುಡಿದವರು ಕೊನೆವರೆಗೂ ಜೊತೆಗಿರುತ್ತಾರಂತೆ. ಮದುವೆಯಾಗಿ ಮೂವತ್ತೊಂದು ವರ್ಷ ಆಗಿತ್ತು ನಮಗೆ. ಬೆಂಗಳೂರಿನಿಂದ ತಂದಿದ್ದ ಸ್ಟೀಲ್ ಬಾಟಲಿಗೆ ಹಿಡಿದು ಮೊದಲು ಅವರಿಗೆ ಕೊಟ್ಟೆ. ಅವರು "ನೀನು ಮೊದಲು" ಅಂದರು. ತಣ್ಣಗಿತ್ತು ನೀರು.

ಇನ್ನು ನಾಸೋನೆ ವಿಷಯ ಹೇಳಲೇಬೇಕು. ಬೇಸಿಗೆಯಲ್ಲಿ ರೋಮ್‌ಗೆ ಹೋಗುವವರು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಬೀದಿ ಬೀದಿಯಲ್ಲೂ ಸೊಂಟದೆತ್ತರದ ಎರಕದ ಕಬ್ಬಿಣದ ನಲ್ಲಿ ಕಂಬಗಳಿವೆ. ಬಾಗಿದ ಕೊಳವೆ ದೊಡ್ಡ ಮೂಗಿನ ಹಾಗಿರುವುದರಿಂದ ನಾಸೋನೆ ಅಂತ ಕರೆಯುತ್ತಾರೆ. 1874ರಲ್ಲಿ ಹಾಕಲು ಶುರು ಮಾಡಿದ್ದು, ಈಗ ಸುಮಾರು 2,500 ಇವೆ. ಕುಡಿಯುವ ನೀರು, ಒಂದು ಪೈಸೆ ಕೊಡಬೇಕಾಗಿಲ್ಲ. ಬಾಟಲಿ ಇಲ್ಲದಿದ್ದರೆ ಕೊಳವೆಯ ಬಾಯಿಗೆ ಬೆರಳು ಅಡ್ಡ ಹಿಡಿಯಿರಿ, ಮೇಲೆ ಒಂದು ಸಣ್ಣ ತೂತಿದೆ, ಅದರಿಂದ ನೀರು ಕಮಾನಾಗಿ ಚಿಮ್ಮುತ್ತದೆ. ಬಗ್ಗಿ ಕುಡಿಯುವುದಷ್ಟೇ. ಒಬ್ಬ ಅಜ್ಜಿ ನನ್ನ ಕೈ ಹಿಡಿದು ಬೆರಳು ಎಲ್ಲಿಡಬೇಕು ಅಂತ ತೋರಿಸಿಕೊಟ್ಟರು. ಅವರ ಭಾಷೆ ನನಗೆ ಬರದು, ನನ್ನದು ಅವರಿಗೆ ಬರದು.

ಆದರೆ ಮೊದಲ ನಲ್ಲಿ ನೋಡಿದಾಗ ನನಗೆ ಸಂಕಟವಾಗಿತ್ತು. ತಿರುಪೇ ಇಲ್ಲ, ನೀರು ಸುಮ್ನೆ ಹರಿಯುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ನಲ್ಲಿ ಒಂದು ಹನಿ ತೊಟ್ಟಿಕ್ಕಿದರೂ ಅಪ್ಪ ರಾತ್ರಿ ಎದ್ದು ಹೋಗಿ ಬಿಗಿ ಮಾಡಿ ಬರುತ್ತಿದ್ದರು. ಚಿತ್ರದುರ್ಗದ ಕೋಟೆಯಲ್ಲಿ ಬಂಡೆಯ ಮೇಲೆ ಬಿದ್ದ ಮಳೆ ವ್ಯರ್ಥವಾಗದ ಹಾಗೆ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ ಅಂತ ಒಂದರಿಂದ ಇನ್ನೊಂದಕ್ಕೆ ಇಳಿಸಿಕೊಂಡು ಹಿಡಿದಿಟ್ಟ ಊರು ನಮ್ಮದು. "ರೀ, ಇದನ್ನ ಯಾಕೆ ಹೀಗೆ ಬಿಟ್ಟಿದ್ದಾರೆ?" ಅಂದೆ. ಹರಿಯುತ್ತಿದ್ದರೆ ಪೈಪಿನೊಳಗೆ ನೀರು ನಿಂತು ಕೆಡುವುದಿಲ್ಲ ಅಂತ ಅವರು ವಿವರಿಸಿದರು. ತಲೆಗೆ ಅರ್ಥವಾಯಿತು. ಕೈ ಮಾತ್ರ ಆ ದಿನವೆಲ್ಲ ತಿರುಪು ಹುಡುಕುತ್ತಲೇ ಇತ್ತು.

ಕೊಲೋಸಿಯಮ್‌ಗೆ ಒಂಬತ್ತು ಗಂಟೆಯ ಟಿಕೆಟ್. ವಾರಗಳ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಂಡಿದ್ದೆವು, ಆದರೂ ಬಾಗಿಲಲ್ಲಿ ಜಾತ್ರೆಯ ತೇರು ಎಳೆಯುವಷ್ಟು ಜನ. ಬ್ಯಾಗ್ ತಪಾಸಣೆ ಮುಗಿಸಿ ಒಳಗೆ ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ. ಒಳಗೆ ನೆರಳು ಇರುವುದು ಕಮಾನುಗಳ ಕೆಳಗೆ ಮಾತ್ರ, ಎಲ್ಲರೂ ಅಲ್ಲೇ ಒತ್ತಿಕೊಂಡು ನಿಂತಿದ್ದರು. ಆಗಿನ ಕಾಲದಲ್ಲಿ ನೋಡುವವರಿಗೆ ನೆರಳಾಗಲಿ ಅಂತ ಮೇಲೆ ದೊಡ್ಡ ಬಟ್ಟೆಯ ಚಪ್ಪರ ಎಳೆಯುತ್ತಿದ್ದರಂತೆ, ಹಾಯಿ ಕಟ್ಟಿ ಅಭ್ಯಾಸವಿದ್ದ ನಾವಿಕರೇ ಆ ಕೆಲಸಕ್ಕೆ. ಹೊರಗಿನ ಕಮಾನುಗಳ ಮೇಲೆ ಬಾಗಿಲಿನ ನಂಬರು ಕೆತ್ತಿರುವುದು ಈಗಲೂ ಕಾಣುತ್ತದೆ.

ನನಗೆ ಆ ಜಾಗದಲ್ಲಿ ಜಾಸ್ತಿ ಹೊತ್ತು ನಿಲ್ಲಲು ಆಗಲಿಲ್ಲ, ಅಷ್ಟು ಜೀವಗಳನ್ನು ಆಟಕ್ಕೆಂದು ಕೊಂದ ಕಣ ಅದು. ಆದರೆ ಒಂದು ಸಂಗತಿ ಮನಸ್ಸಿನಲ್ಲಿ ಉಳಿಯಿತು. ಕೊಲೋಸಿಯಮ್ ಎದ್ದಿರುವುದು ಒಂದು ಕೆರೆಯ ಅಂಗಳದಲ್ಲಿ! ಚಕ್ರವರ್ತಿ ನೀರೋ ತನ್ನ ಅರಮನೆಗೆಂದು ಅಲ್ಲಿ ಕೃತಕ ಕೆರೆ ಮಾಡಿಸಿದ್ದ. ಅವನು ಸತ್ತ ಮೇಲೆ ಚಕ್ರವರ್ತಿ ವೆಸ್ಪಾಸಿಯನ್ ಅದನ್ನು ಖಾಲಿ ಮಾಡಿಸಿ ಈ ಕಟ್ಟಡ ಶುರು ಮಾಡಿಸಿದ, ಅವನ ಮಗ ಟೈಟಸ್ 80ನೇ ಇಸವಿಯಲ್ಲಿ ತೆರೆದ. ನಮ್ಮವರು ಇದನ್ನು ಹೇಳಿದ ಕೂಡಲೇ ಇಬ್ಬರಿಗೂ ಒಟ್ಟಿಗೇ ಹೊಳೆದದ್ದು ಸಂಪಂಗಿ ಕೆರೆ. ಬೆಂಗಳೂರಿನ ಕಂಠೀರವ ಸ್ಟೇಡಿಯಂ ಇರುವುದೂ ಕೆರೆಯ ಮೇಲೇ ಅಲ್ವಾ? ನೀರೋನ ಕೆರೆ ಒಬ್ಬ ರಾಜನ ಸುಖಕ್ಕಿತ್ತು, ಅದನ್ನು ಜನರಿಗೆ ಬಿಟ್ಟುಕೊಟ್ಟರು. ಸಂಪಂಗಿ ಮೊದಲಿನಿಂದಲೂ ಜನರದೇ ಕೆರೆ. ಈ ವ್ಯತ್ಯಾಸ ನನ್ನನ್ನು ಇವತ್ತಿಗೂ ನೋಯಿಸುತ್ತದೆ.

ಅದೇ ಟಿಕೆಟ್‌ನಲ್ಲಿ ಪಕ್ಕದ ಫೋರಮ್, ಅಂದರೆ ಹಳೆಯ ರೋಮಿನ ಊರಚೌಕ, ನೋಡಬಹುದು. ನೆರಳೇ ಇಲ್ಲದ ಜಾಗ, ಹನ್ನೊಂದು ಗಂಟೆಗೆ ಕಲ್ಲು ಕಾಯುತ್ತಿತ್ತು, ಬೇಗ ಬೇಗ ಹೆಜ್ಜೆ ಹಾಕಿದೆವು. ಅಲ್ಲಿನ ದೊಡ್ಡ ಮ್ಯಾಕ್ಸೆಂಷಿಯಸ್ ಕಟ್ಟಡದ ಅಡಿಯಲ್ಲಿ ಹಿಂದೆ ಮೆಣಸಿನ ಉಗ್ರಾಣ ಇತ್ತು. ಮೆಣಸು ಹೋದದ್ದು ನಮ್ಮ ಪಶ್ಚಿಮ ಕರಾವಳಿಯ ಕಡೆಯಿಂದ. ರೋಮ್‌ನಿಂದ ಬಂದ ಬೆಳ್ಳಿ ನಾಣ್ಯಗಳು, ಅಗಸ್ಟಸ್, ಟಿಬೇರಿಯಸ್ ಚಕ್ರವರ್ತಿಗಳ ಕಾಲದವು, ನಮ್ಮೂರಿನ ಚಂದ್ರವಳ್ಳಿಯಲ್ಲಿ ಸಿಕ್ಕಿವೆ. ಶಾಲೆಯಿಂದ ಪಿಕ್ನಿಕ್‌ಗೆ ಹೋಗುತ್ತಿದ್ದ ಚಂದ್ರವಳ್ಳಿ! ಅಲ್ಲೇ ಒಂದು ಬಂಡೆಯ ಮೇಲೆ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಶಾಸನವೂ ಇದೆ. ಚಿಕ್ಕವಳಿದ್ದಾಗ ಆ ಬಂಡೆಗೆ ಒರಗಿ ಬುತ್ತಿ ತಿಂದಿದ್ದೇನೆ. ಫೋರಮ್ಮಿನ ಬಿಸಿಲಲ್ಲಿ ನಿಂತು ಅದನ್ನು ನೆನೆದಾಗ ಆ ದೂರದ ಊರು ಒಮ್ಮೆಗೇ ಹತ್ತಿರವಾಯಿತು.

ಊಟಕ್ಕೆ ಪಿಜ್ಜಾ ಮರಿನಾರಾ ತಿಂದೆವು, ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಓರೆಗಾನೊ ಅಷ್ಟೇ. ಸಸ್ಯಾಹಾರಿಗಳಿಗೆ ಒಂದು ಮಾತು: ಅಲ್ಲಿ ಹೂವಿನ ಬಜ್ಜಿಯ ಹಾಗೆ ಕರಿದ ಕುಂಬಳದ ಜಾತಿಯ ಹೂವು ಸಿಗುತ್ತದೆ, ನೋಡಿದರೆ ಆಸೆಯಾಗುತ್ತದೆ, ಆದರೆ ಒಳಗೆ ಚೀಸ್ ಜೊತೆ ಸಣ್ಣ ಮೀನು ಇಟ್ಟಿರುತ್ತಾರೆ. ಕೇಳಿಯೇ ತೆಗೆದುಕೊಳ್ಳಿ. ಕಾಫಿ ಮಾತ್ರ ನಿಂತು ಕುಡಿಯಿರಿ. ಕೂತರೆ ಬೆಲೆ ಜಾಸ್ತಿ, ನಮ್ಮ ದರ್ಶಿನಿಗಳಿಗೆ ಒಗ್ಗಿದವರಿಗೆ ನಿಂತು ಕುಡಿಯುವುದೇನು ಕಷ್ಟವಲ್ಲ. ಆಮೇಲೆ ಮೆಟ್ರೊದಲ್ಲಿ ಎರಡೇ ಸ್ಟಾಪ್, ಟರ್ಮಿನಿ. ಆ ಎರಡು ಸ್ಟಾಪಿನ ನೂಕುನುಗ್ಗಲಲ್ಲೇ ಯಾರೋ ನನ್ನ ಬ್ಯಾಗಿನ ಜಿಪ್ ಅರ್ಧ ಎಳೆದಿದ್ದರು. ಪಾಸ್‌ಪೋರ್ಟ್ ನಮ್ಮವರ ಒಳಜೇಬಿನಲ್ಲಿದ್ದದ್ದರಿಂದ ಏನೂ ಹೋಗಲಿಲ್ಲ, ಆದರೂ ಎದೆ ಬಹಳ ಹೊತ್ತು ಹೊಡೆದುಕೊಳ್ಳುತ್ತಿತ್ತು. ರೂಮಿಗೆ ಬಂದು ಕಿಟಕಿ ಮುಚ್ಚಿ ನಾಲ್ಕೂವರೆವರೆಗೆ ಮಲಗಿದೆವು. ಇಡೀ ದಿನದಲ್ಲಿ ನಾವು ಮಾಡಿದ ಒಳ್ಳೆಯ ಕೆಲಸ ಅದೇ ಅನ್ನಿಸುತ್ತದೆ.

ಸಂಜೆ ಮತ್ತೆ ಟ್ರೆವಿ ಮುಂದೆಯೇ ಹಾದು ಹೋಗಬೇಕಾಯಿತು. ಬೆಳಿಗ್ಗೆ ನಾವು ಕೂತಿದ್ದ ಕಲ್ಲು ಕಾಣಿಸಲೇ ಇಲ್ಲ. ನೀರಿನ ಸದ್ದೂ ಕೇಳಿಸಲಿಲ್ಲ. ಬರೀ ತಲೆ, ಕೈ, ಮೇಲೆತ್ತಿದ ಫೋನು. ಆ ಹೊತ್ತಿನಲ್ಲಿ ಮಾತ್ರ ಟ್ರೆವಿ ನೋಡಿ ಹೋದವರಿಗೆ ಆ ಹುಡುಗಿ ಕಂಡಿರಲಿಕ್ಕಿಲ್ಲ. ದಯವಿಟ್ಟು ಬೆಳಿಗ್ಗೆ ಹೋಗಿ.

ಪ್ಯಾಂಥಿಯನ್‌ಗೆ ಆ ತಿಂಗಳಷ್ಟೇ 5 ಯೂರೊ ಟಿಕೆಟ್ ಶುರುವಾಗಿತ್ತು. ಒಳಗೆ ಕಾಲಿಟ್ಟ ಕೂಡಲೇ ತಂಪು. ನೆತ್ತಿಯಲ್ಲಿ ತೆರೆದ ವೃತ್ತ, ಅದರಿಂದ ಇಳಿದ ಬಿಸಿಲು ಗುಮ್ಮಟದ ಒಳಮೈ ಮೇಲೆ ಒಂದು ದೊಡ್ಡ ಬೆಳಕಿನ ತಟ್ಟೆಯಾಗಿ ಅಂಟಿಕೊಂಡಿತ್ತು. ನಮ್ಮವರು ವಿಜಯಪುರದಲ್ಲಿ ಮೂರು ವರ್ಷ ಕೆಲಸ ಮಾಡಿದವರು, ಗೋಳಗುಮ್ಮಟ ಅವರಿಗೆ ಮನೆಯ ಹಾಗೆ. ಅದರ ಒಳಗಿನ ಅಗಲ ಸುಮಾರು 124 ಅಡಿ, ಇದರದು 142 ಅಡಿ. "ಒಂದು ಕಂಬಿಯೂ ಇಲ್ಲದ ಕಾಂಕ್ರೀಟ್" ಅಂತ ಅವರು ಪಿಸುಮಾತಿನಲ್ಲಿ ಹೇಳುತ್ತಾ ಹೋದರು. ಕೆಳಗೆ ಭಾರದ ಕಲ್ಲು, ಮೇಲೆ ಹೋದ ಹಾಗೆ ಹಗುರ, ತುದಿಯಲ್ಲಿ ತೂತುತೂತಾದ ಜ್ವಾಲಾಮುಖಿ ಕಲ್ಲು. ಚಕ್ರವರ್ತಿ ಹೇಡ್ರಿಯನ್ ಕಾಲದ್ದು, ಹತ್ತಿರ ಹತ್ತಿರ 1,900 ವರ್ಷ. ನಾನು ನೆಲ ನೋಡುತ್ತಿದ್ದೆ. ಮೇಲಿನಿಂದ ಬಿದ್ದ ಮಳೆನೀರು ಹೋಗಲು ನೆಲದಲ್ಲಿ ಸಣ್ಣ ಸಣ್ಣ ತೂತುಗಳಿವೆ, ಒಟ್ಟು 22. ನೆಲವನ್ನೂ ಕಣ್ಣಿಗೆ ಕಾಣದಷ್ಟು ಓರೆ ಮಾಡಿದ್ದಾರೆ. ಅರ್ಧ ಗಂಟೆ ಬೆಂಚಿನ ಮೇಲೆ ಕೂತೆವು. ಬೆಳಕಿನ ತಟ್ಟೆ ನಿಧಾನ ಮೇಲಕ್ಕೆ ಜರುಗುತ್ತಿತ್ತು.

ಕೊನೆಗೆ ನವೋನಾ ಚೌಕ. ನಡುವೆ ಶಿಲ್ಪಿ ಬರ್ನಿನಿ 1651ರಲ್ಲಿ ಮುಗಿಸಿದ ನಾಲ್ಕು ನದಿಗಳ ಕಾರಂಜಿ ಇದೆ: ನೈಲ್, ಡ್ಯಾನ್ಯೂಬ್, ದಕ್ಷಿಣ ಅಮೆರಿಕದ ಪ್ಲಾಟಾ, ಗಂಗೆ. ಹೌದು, ನಮ್ಮ ಗಂಗೆ! ಓಡಿ ಹೋಗಿ ನೋಡಿದರೆ ಉದ್ದ ಗಡ್ಡದ ಗಂಡಸು, ಕೈಯಲ್ಲಿ ದೊಡ್ಡ ಹುಟ್ಟು. ದೋಣಿ ಹೋಗುವಷ್ಟು ದೊಡ್ಡ ನದಿ ಅಂತ ತೋರಿಸಲು ಹುಟ್ಟು ಕೊಟ್ಟಿದ್ದಾರೆ. ಆ ಕಡೆಯವರಿಗೆ ನದಿ ಅಂದರೆ ಗಂಡು ದೇವತೆ.

"ಗಂಗಮ್ಮನ್ನ ಹೀಗೆ ನೋಡೋಕೆ ಒಂಥರಾ ಆಗುತ್ತೆ ರೀ" ಅಂದೆ.

"ನೋಡಿರಲಿಲ್ಲ ಪಾಪ, ಕೇಳಿ ಮಾಡಿದ್ದು" ಅಂದರು. "ನೀರು ಎಲ್ಲಿಂದ ಬರುತ್ತೆ ಗೊತ್ತಾ? ಅದೇ ಕಾಲುವೆ. ಬೆಳಿಗ್ಗೆ ನೋಡಿದ್ದೆಯಲ್ಲ, ಆ ಹುಡುಗಿದು."

ನಾನು ಮತ್ತೆ ತಿರುಗಿ ನೋಡಿದೆ. ಆ ಹೆಸರಿಲ್ಲದ ಹುಡುಗಿ ತೋರಿಸಿದ ನೀರು ಗಂಗೆಯ ಕಾಲಡಿ ಬಂದು ಬೀಳುತ್ತಿತ್ತು. ಹಿಂದೆ ಆಗಸ್ಟ್ ತಿಂಗಳ ಶನಿವಾರ ಭಾನುವಾರ ತೂಬು ಮುಚ್ಚಿ ಈ ಚೌಕದ ತುಂಬಾ ನೀರು ನಿಲ್ಲಿಸುತ್ತಿದ್ದರಂತೆ, ಜನ ಗಾಡಿ ಹೂಡಿಕೊಂಡು ಅದರೊಳಗೆ ಸುತ್ತುತ್ತಿದ್ದರಂತೆ. ಎಂಟೂವರೆ ದಾಟಿ ಬೆಳಕು ಕಂದುತ್ತಿತ್ತು, ಕಲ್ಲು ಇನ್ನೂ ಬಿಸಿ. ಕಲ್ಲು ಬೆಂಚಿನ ಮೇಲೆ ಕೂತು ಮಗಳಿಗೆ ಫೋನ್ ಮಾಡಿದೆವು. "ಎಷ್ಟು ನೋಡಿದ್ರಿ?" ಅಂತ ಕೇಳಿದಳು. ನಮ್ಮವರು ಲಿಸ್ಟ್ ಹೇಳಲಿಲ್ಲ. ನಾಲ್ಕು ಮೀಟರ್ ಇಳಿಜಾರಿನ ಕತೆ ಶುರು ಮಾಡಿದರು.

ನಾನು ಬಾಟಲಿ ಹಿಡಿದುಕೊಂಡು ಪಕ್ಕದ ಬೀದಿಯ ನಾಸೋನೆಗೆ ಹೋದೆ.